ಬಿದನೂರಿನ ಹ್ಯಾಮ್ಲೆಟ್, ಸುರಪುರದ ರಾಣಿ

ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದಾಗ ಅವನ ನಾಟಕಗಳ ಸಾವುಗಳು ಏನಾದವು? ಬಳಿಚಕ್ರ ಎಂಬ ಊರಿನಲ್ಲಿ ಕೂತು ನಾನು ಹಳೆಯ ನಾಟಕಗಳ ಬೆನ್ನು ಹತ್ತಿದ್ದು ಈ ಒಂದು ಪ್ರಶ್ನೆಗಾಗಿ.

ಮೊದಲು ಎದುರಾದವರು ಚನ್ನಬಸಪ್ಪನವರು. 'ಕಾಮಿಡಿ ಆಫ್ ಎರರ್ಸ್' 1871ರಲ್ಲೇ ಅವರ ಕೈಯಲ್ಲಿ 'ನಗದವರನ್ನು ನಗಿಸುವ ಕಥೆ'ಯಾಯಿತು. ಅದು ಹಾಸ್ಯ, ಅಲ್ಲಿ ತೊಡಕಿರಲಿಲ್ಲ. ಮೈಸೂರಿನ ಬಸವಪ್ಪ ಶಾಸ್ತ್ರಿಗಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಸಿ. ಸುಬ್ಬರಾಯರ ನೆರವಿನಿಂದ 'ಒಥೆಲೊ'ವನ್ನು 'ಶೂರಸೇನ ಚರಿತ್ರೆ' ಮಾಡಿದರು. 1889ರ 'ರಾಮವರ್ಮ ಲೀಲಾವತಿ'ಯಲ್ಲಿ ರೋಮಿಯೊ, ಜೂಲಿಯೆಟ್ ಇಬ್ಬರೂ ದೇವರ ಕೃಪೆಯಿಂದ ಎದ್ದು ಕೂರುತ್ತಾರೆ! ಇದನ್ನು ಅಂಜಿಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಂಗಳ ಹಾಡದೆ ಆಟ ಮುಗಿಸದ ನಾಡು ನಮ್ಮದು. ಬರೆದವರು ತಮ್ಮ ನೋಡುಗರನ್ನು ಬಲ್ಲವರಾಗಿದ್ದರು.

ಸಾವನ್ನು ಸಾವಾಗಿಯೇ ಉಳಿಸಿಕೊಂಡ ನಾಟಕ ಕುವೆಂಪು ಅವರ 'ರಕ್ತಾಕ್ಷಿ'. 1930ರ ದಶಕದ ಆರಂಭದ್ದು. ಅದನ್ನು ಓದುವಾಗ ನನ್ನ ಪ್ರಶ್ನೆಯೇ ಬದಲಾಯಿತು. ಕುವೆಂಪು 'ಹ್ಯಾಮ್ಲೆಟ್'ನ ಡೆನ್ಮಾರ್ಕಿನ ಅರಮನೆಗೆ ಕನ್ನಡದ ಹೆಸರಿಟ್ಟು ಸುಮ್ಮನಾಗಲಿಲ್ಲ. ಬಿದನೂರಿನ ಚರಿತ್ರೆಯಲ್ಲಿ ಅಂಥದೇ ಅರಮನೆಯನ್ನು ಹುಡುಕಿ ತೆಗೆದರು. ವಿಧವೆ ರಾಣಿ, ಅವಳ ಬಳಿಯ ನಿಂಬಯ್ಯ, ಆಪತ್ತಿನಲ್ಲಿರುವ ರಾಜಕುಮಾರ, ಆಚೆ ಹೊಂಚು ಹಾಕಿರುವ ಹೈದರಾಲಿ. ಒಫೀಲಿಯಾಳ ಜಾಗದಲ್ಲಿ ರುದ್ರಾಂಬೆ. ಮೂಲದ ಹುಡುಗಿ ಹುಚ್ಚಾಗಿ ನೀರಿನ ಪಾಲಾಗುತ್ತಾಳೆ. ರುದ್ರಾಂಬೆ ಹಾಗಲ್ಲ, ಸೇಡನ್ನು ತಾನೇ ಹೊರುತ್ತಾಳೆ. ನಾಟಕದ ಹೆಸರೂ ಅವಳದೇ.

ಬಿದನೂರಿನಲ್ಲಿ ಸಿಕ್ಕಿದ್ದು ನಮ್ಮ ಕಡೆ ಸಿಗದೇ? ಭೀಮೆ ದಾಟಿ ಶಹಾಪುರದ ಮೇಲೆ ಸುರಪುರಕ್ಕೆ ಹೋದೆ. ಗುಡ್ಡದ ಮೇಲೆ ಟೇಲರ್ ಮಂಜಿಲ್ ಇನ್ನೂ ನಿಂತಿದೆ. 1841ರಿಂದ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, 'ಕನ್ಫೆಷನ್ಸ್ ಆಫ್ ಎ ಥಗ್' ಬರೆದು ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಅವನು ತೀರಿಕೊಂಡ ಮೇಲೆ, 1877ರಲ್ಲಿ ಅಚ್ಚಾದ ಅವನ ಆತ್ಮಕಥೆಯಲ್ಲಿ ಸುರಪುರದ ಅರಮನೆ ಇದೆ. ಪುಟ ತಿರುವುತ್ತ ಹೋದಂತೆ ಮೈ ಜುಮ್ಮೆಂದಿತು. ರಾಜ ಕೃಷ್ಣಪ್ಪ ನಾಯಕ ತೀರಿದ್ದಾನೆ. ತಮ್ಮ ಪಿಡ್ಡನಾಯಕ ಅಧಿಕಾರ ಹಿಡಿದಿದ್ದಾನೆ. ರಾಣಿ ಈಶ್ವರಮ್ಮ ಮೈದುನನಿಗೆ ಬಗ್ಗುವವಳಲ್ಲ. ನಡುವೆ ಪುಟ್ಟ ವೆಂಕಟಪ್ಪ ನಾಯಕ. ಟೇಲರನನ್ನು 'ಅಪ್ಪಾ' ಎನ್ನುತ್ತಿದ್ದ ಹುಡುಗ.

ಕಾಯಿಲೆ ಬಿದ್ದ ರಾಣಿ ಟೇಲರನನ್ನು ಕರೆಸಿ, ಮಗನ ಜಾತಕದ ಗುಟ್ಟನ್ನು ಹೇಳುತ್ತಾಳೆ: ಅವನ ಆಯುಷ್ಯ 24ನೆಯ ವರ್ಷಕ್ಕೆ ಮುಗಿಯುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ವೆಂಕಟಪ್ಪ ನಾಯಕ ಸೆರೆಸಿಕ್ಕು, ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡ ಎನ್ನುತ್ತಾನೆ ಟೇಲರ್. ಆ ಮಾತನ್ನು ನಂಬದವರು ಸುರಪುರದಲ್ಲಿ ಇಂದಿಗೂ ಇದ್ದಾರೆ.

ಸತ್ತ ಅಣ್ಣ, ಅಧಿಕಾರದ ತಮ್ಮ, ರಾಣಿ, ರಾಜಕುಮಾರ, ಭವಿಷ್ಯವಾಣಿ. 'ಹ್ಯಾಮ್ಲೆಟ್', 'ಮ್ಯಾಕ್‌ಬೆತ್' ಎರಡಕ್ಕೂ ಬೇಕಾದ ಸಾಮಗ್ರಿ ನಮ್ಮ ಗುಡ್ಡದ ಮೇಲಿದೆ. ಆದರೆ ಟೇಲರನ ಪುಸ್ತಕದಲ್ಲಿ ಈಶ್ವರಮ್ಮ ಹಟಮಾರಿ, ರಂಪದ ಹೆಂಗಸು. ಅವಳ ಪ್ರತಿ ಮಾತೂ ಟೇಲರನ ಬಾಯಿಂದಲೇ ಬರುತ್ತದೆ. ಗಂಡ ಸತ್ತ ಮೇಲೆ ಮೈದುನ, ನಿಜಾಮ, ಕಂಪನಿ ಮೂವರ ಎದುರು ಮಗನ ಗಾದಿಗಾಗಿ ನಿಂತವಳನ್ನು, ರುದ್ರಾಂಬೆಯನ್ನು ಓದಿದ ಮೇಲೆ, ನಾನು ಹಾಗೆ ಕಾಣಲಾರೆ. ಸುರಪುರದ ನಾಟಕ ಬರೆಯುವವರು ಅವಳಿಂದಲೇ ಶುರುಮಾಡಬೇಕು, ಮೊದಲ ಅಂಕದ ಮೊದಲ ಮಾತೂ ಅವಳದಾಗಬೇಕು.