ಕಷ್ಟಕ್ಕೆ ಮೊದಲೇ ಕಲಿತ ಹಾಡು: ಗೆರ್‌ಹಾರ್ಟ್‌ನಿಂದ ಬೊನ್‌ಹೋಫರ್‌ವರೆಗೆ

ಜರ್ಮನಿಯ ಲೂಥರನ್ ಸಭೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆಯೊಂದಿದೆ. 1666ರಲ್ಲಿ ಬರ್ಲಿನ್‌ನ ಸಭಾಪಾಲಕ ಪೌಲ್ ಗೆರ್‌ಹಾರ್ಟ್ ದೊರೆಯ ಆಜ್ಞೆಗೆ ಸಹಿ ಹಾಕಲೊಪ್ಪದೆ ಹುದ್ದೆ ಕಳೆದುಕೊಂಡ. ಹೆಂಡತಿಯೊಡನೆ ಊರು ಬಿಟ್ಟು ಹೊರಟ. ದಾರಿಯ ಛತ್ರದಲ್ಲಿ ಆಕೆ ಕಂಗೆಟ್ಟು ಅಳತೊಡಗಿದಾಗ, ನಿನ್ನ ದಾರಿಯನ್ನು ದೇವರಿಗೆ ಒಪ್ಪಿಸು ಎಂಬರ್ಥದ ಬೈಬಲಿನ 37ನೆಯ ಕೀರ್ತನೆಯ ಮಾತನ್ನು ಹಿಡಿದು ಹಾಡೊಂದನ್ನು ಕಟ್ಟಿದ. ಅಂದೇ ಒಬ್ಬ ಡ್ಯೂಕ್‌ನ ದೂತರು ನೆರವು ಹೊತ್ತು ಬಂದರು.

ಕತೆ ಮನ ಕರಗಿಸುವಂಥದ್ದು. ಆದರೆ ದಾಖಲೆಗಳು ಅದನ್ನು ಒಪ್ಪುವುದಿಲ್ಲ. ಆ ಹಾಡು 1653ರಲ್ಲೇ, ಯೊಹಾನ್ ಕ್ರ್ಯೂಗರ್ ಪ್ರಕಟಿಸಿದ ಗೀತಸಂಗ್ರಹದಲ್ಲಿ ಅಚ್ಚಾಗಿತ್ತು. ಗೆರ್‌ಹಾರ್ಟ್‌ನ ಮದುವೆಯಾದದ್ದು 1655ರಲ್ಲಿ. ಹುದ್ದೆ ಹೋದ ಮೇಲೂ ಅವನು ಬರ್ಲಿನ್‌ನಲ್ಲೇ ಉಳಿದ. ಹೆಂಡತಿ ಅನ್ನಾ ಮರಿಯಾ 1668ರಲ್ಲಿ ತೀರಿಕೊಂಡದ್ದೂ ಆ ಊರಿನಲ್ಲೇ. ಅಂದರೆ ಹಾಡು ಹುಟ್ಟಿದಾಗ ಕತೆಯಲ್ಲಿ ಬರುವ ಸಂಕಟವಾಗಲಿ, ಅಳುವ ಹೆಂಡತಿಯಾಗಲಿ ಅವನ ಬದುಕಿನಲ್ಲಿ ಇರಲಿಲ್ಲ.

ಇಷ್ಟನ್ನು ಹೇಳಿ, ದಂತಕತೆ ಸುಳ್ಳೆಂದು ಸಾಧಿಸಿ ಸುಮ್ಮನಾಗುವವರುಂಟು. ನನಗೆ ಇಲ್ಲಿಂದಲೇ ವಿಷಯ ಶುರುವಾಗುತ್ತದೆ. ಸಂಕಟ ಬಂತು, ಆಮೇಲೆ ಭರವಸೆಯ ಮಾತು ಹುಟ್ಟಿತು ಎಂಬುದು ದಂತಕತೆಯ ಕ್ರಮ. ದಾಖಲೆಗಳ ಕ್ರಮ ತಿರುಗುಮುರುಗು: ಮಾತು ಮೊದಲೇ ಇತ್ತು, ಸಂಕಟ ಆಮೇಲೆ ಬಂದು ಅದನ್ನು ಒರೆಗೆ ಹಚ್ಚಿತು. ಕ್ರೈಸ್ತ ಪರಂಪರೆಯಲ್ಲಿ ಕಷ್ಟಕಾಲದ ದೈವವಿಶ್ವಾಸ ಉಳಿದುಬಂದದ್ದು ಬಹುಮಟ್ಟಿಗೆ ಈ ಎರಡನೆಯ ಕ್ರಮದಲ್ಲೇ ಎಂದು ನನ್ನ ವಾದ.

ಹಾಗೆಂದು 1653ರ ಗೆರ್‌ಹಾರ್ಟ್ ನೋವರಿಯದವನಲ್ಲ. 1607ರಲ್ಲಿ ಸ್ಯಾಕ್ಸನಿಯ ಗ್ರೇಫನ್‌ಹೈನಿಖನ್ ಎಂಬ ಸಣ್ಣ ಊರಲ್ಲಿ ಹುಟ್ಟಿದ ಅವನ ಹರೆಯವೆಲ್ಲ ಕಳೆದದ್ದು ಮೂವತ್ತು ವರ್ಷಗಳ ಯುದ್ಧದಲ್ಲಿ (1618–1648). 1637ರಲ್ಲಿ ಸ್ವೀಡಿಷ್ ಸೈನಿಕರು ಆ ಊರನ್ನೇ ಸುಟ್ಟರು. ಅದು ಇಡೀ ನಾಡಿನ ದುಃಖ. ಅವನು ಕಟ್ಟಿಕೊಂಡ ಸಂಸಾರದ ದುಃಖಗಳು ಹಾಡು ಅಚ್ಚಾದ ಮೇಲೆ ಸಾಲುಗಟ್ಟಿ ಬಂದವು. ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ಹೋದರು. 1664ರಲ್ಲಿ ಬ್ರಾಂಡನ್‌ಬರ್ಗ್‌ನ ದೊರೆ ಫ್ರೆಡ್ರಿಕ್ ವಿಲ್ಹೆಲ್ಮ್, ಲೂಥರನ್ ಮತ್ತು ಕ್ಯಾಲ್ವಿನ್ ಪಂಥದವರು ಪರಸ್ಪರ ಖಂಡಿಸಬಾರದೆಂದು ಆಜ್ಞೆ ಹೊರಡಿಸಿದ. ಸಹಿ ಹಾಕಲು ಗೆರ್‌ಹಾರ್ಟ್‌ನ ಮನಸ್ಸಾಕ್ಷಿ ಒಪ್ಪಲಿಲ್ಲ. 1666ರಲ್ಲಿ ಹುದ್ದೆ ಹೋಯಿತು. ಮರುವರ್ಷ ದೊರೆ ಮೆತ್ತಗಾಗಿ ಮರಳಿ ಕರೆದರೂ, ಸಹಿಯಿಲ್ಲದಿದ್ದರೂ ಹುದ್ದೆಗೆ ಮರಳಿದರೆ ಆಜ್ಞೆಗೆ ಬದ್ಧನಾದಂತೆಯೇ ಎಂದು ಅವನು ಹಿಂಜರಿದ. ಇಂದಿನ ಕಣ್ಣಿಗೆ ದೊರೆಯ ಆಜ್ಞೆಯೇ ಉದಾರವಾಗಿ ಕಾಣಬಹುದು, ಅದನ್ನು ಅಲ್ಲಗಳೆಯಲಾರೆ. ಆದರೆ ದೇವರಿಗೆ ದಾರಿ ಒಪ್ಪಿಸುವುದೆಂದರೆ ಕೈಕಟ್ಟಿ ಕೂರುವುದು ಎಂಬ ಆಪಾದನೆಗೆ ಈ ಮನುಷ್ಯನ ಬದುಕು ಎದುರುಸಾಕ್ಷಿ.

ಹಾಡಿನ ಕಟ್ಟೋಣವನ್ನು ಗಮನಿಸಬೇಕು. ಅದರಲ್ಲಿ 12 ಚರಣಗಳಿವೆ. ಒಂದೊಂದು ಚರಣದ ಮೊದಲ ಮಾತನ್ನು ಹೆಕ್ಕಿ ಜೋಡಿಸಿದರೆ ಲೂಥರ್ ಅನುವಾದದ 37ನೆಯ ಕೀರ್ತನೆಯ 5ನೆಯ ವಚನ ಇಡಿಯಾಗಿ ಸಿಗುತ್ತದೆ. ಬರಿಯ ಚಮತ್ಕಾರಕ್ಕೆ ಮಾಡಿದ್ದಲ್ಲ ಇದು. ವಚನ ನೆನಪಿದ್ದರೆ ಚರಣಗಳ ಸರದಿ ತಪ್ಪುವುದಿಲ್ಲ. ಓದು ಬಾರದವರೂ, ಪುಸ್ತಕ ಕೊಳ್ಳಲಾರದವರೂ ತುಂಬಿದ್ದ ಸಭೆಗಳಲ್ಲಿ ಅದರ ಬೆಲೆ ದೊಡ್ಡದು. ಈ ಜಾಣ್ಮೆಯ ಬೇರು ಇನ್ನೂ ಹಳೆಯದು. 37ನೆಯ ಕೀರ್ತನೆಯೇ ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಹೆಣೆದದ್ದು. ಜೆರುಸಲೇಮ್ ಬಾಬಿಲೋನಿನವರ ಕೈಯಲ್ಲಿ ಹಾಳಾದುದಕ್ಕೆ ಗೋಳಿಡುವ ಬೈಬಲಿನ ಪ್ರಲಾಪಗಳ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳೂ ಅದೇ ಕ್ರಮದವು. ಪಟ್ಟಣವೇ ಬೂದಿಯಾದ ದುಃಖವನ್ನು ಅಕ್ಷರಮಾಲೆಗೆ ಕಟ್ಟಿ ಇಟ್ಟವರಿಗೆ, ಮುಂದಿನವರಿಗೂ ಇಂಥ ದಿನ ಬಂದೀತೆಂಬ ಎಚ್ಚರ ಇದ್ದಿರಬೇಕು. ಬೈಬಲಿನ ಕೀರ್ತನೆಗಳಲ್ಲಿ ದೇವರನ್ನು ಸ್ತುತಿಸುವ ಮಾತು ಮಾತ್ರವಲ್ಲ, ದೇವರನ್ನೇ ಪ್ರಶ್ನಿಸುವ ಮಾತೂ ಇದೆ. 88ನೆಯ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ತೆಗೆದುಹಾಕದೆ ಪ್ರಾರ್ಥನೆಯೆಂದೇ ಉಳಿಸಿಕೊಂಡರು.

ಹಾಡಿನ ಈ ದಾರಿಗೆ ಸಮಾನಾಂತರವಾಗಿ ವಾದದ ದಾರಿಯೊಂದಿತ್ತು. 1710ರಲ್ಲಿ ತತ್ತ್ವಜ್ಞಾನಿ ಲೈಬ್ನಿಟ್ಸ್, ದೇವರು ಸೃಷ್ಟಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಇದೇ ಉತ್ತಮವೆಂದು ತರ್ಕದಿಂದ ತೋರಿಸಲು ಹೊರಟ. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಜನ ಪೂಜೆಗೆ ಸೇರಿದ್ದ ಹೊತ್ತಿಗೇ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿಯಿತು. ನಾಲ್ಕು ವರ್ಷಗಳ ಮೇಲೆ ಬಂದ ವಾಲ್ಟೇರನ ‘ಕ್ಯಾಂಡಿಡ್’ ಆ ತರ್ಕವನ್ನು ಕಟುವಾಗಿ ಲೇವಡಿ ಮಾಡಿತು. ಗೆರ್‌ಹಾರ್ಟ್‌ನ ಹಾಡಿಗೆ ಆ ಪೆಟ್ಟು ತಗುಲಲಿಲ್ಲ. ಕಷ್ಟಕ್ಕೆ ಕಾರಣ ಹೇಳುತ್ತೇನೆಂದು ಅದು ಹೊರಟಿರಲೇ ಇಲ್ಲ. ಸಂಗೀತ ರಚನಕಾರ ಬಾಖ್ 1727ರ ‘ಮತ್ತಾಯನ ಶ್ರಮಾಕಥನ’ದಲ್ಲಿ ಅದರ ಚರಣವೊಂದನ್ನು ಎಲ್ಲಿಟ್ಟಿದ್ದಾನೆ ನೋಡಿ: ಪಿಲಾತನ ಮುಂದೆ ಯೇಸು ಒಂದು ಮಾತಿಗೂ ಉತ್ತರ ಕೊಡದೆ ನಿಂತ ಘಟ್ಟದಲ್ಲಿ. ಉತ್ತರ ಸಿಗದ ಜಾಗದಲ್ಲಿ ಸಭೆ ಹಾಡುತ್ತದೆ.

ಈ ಹಾಡುಗಳ ಪರಂಪರೆಯಲ್ಲೇ ಬೆಳೆದವರು 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು. ಜರ್ಮನ್ ಗೀತೆಗಳನ್ನು ಅವರು ಕನ್ನಡಕ್ಕೆ ತಂದು, ಜರ್ಮನ್ ರಾಗಗಳಲ್ಲೇ ಇಲ್ಲಿನ ಸಭೆಗಳಿಗೆ ಕಲಿಸಿದರು. ಅದೇ ಮಿಶನ್ನಿನ ಕಿಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ಯಾಗಿ (1862) ಬರೆದರು.

ನನ್ನ ವಾದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಗುವುದು ಇಪ್ಪತ್ತನೆಯ ಶತಮಾನದಲ್ಲಿ. ಹಿಟ್ಲರನನ್ನು ಎದುರಿಸಿದ ದೇವಶಾಸ್ತ್ರಜ್ಞ ಡೀಟ್ರಿಖ್ ಬೊನ್‌ಹೋಫರ್ 1943ರ ಏಪ್ರಿಲ್ 5ರಂದು ಬಂಧನಕ್ಕೊಳಗಾಗಿ ಬರ್ಲಿನ್‌ನ ಟೇಗಲ್ ಸೆರೆಮನೆ ಸೇರಿದರು. ಮೊದಲ ಹನ್ನೆರಡು ದಿನ ಅವರನ್ನು ಘೋರ ಅಪರಾಧಿಯಂತೆ ಒಂಟಿಯಾಗಿ ಇಟ್ಟಿದ್ದರು. ಆ ದಿನಗಳಲ್ಲಿ ಗೆರ್‌ಹಾರ್ಟ್ ತಾವೆಣಿಸದಷ್ಟು ಆಸರೆಯಾದನೆಂದು ನವೆಂಬರಿನಲ್ಲಿ ಗೆಳೆಯ ಬೇಟ್ಗೆಗೆ ಬರೆದರು. ಕೀರ್ತನೆಗಳನ್ನು ವರ್ಷಗಳಿಂದ ದಿನಾಲೂ ಓದುತ್ತ ಬಂದಿದ್ದೇನೆಂದು ತಂದೆತಾಯಿಗೆ ತಿಳಿಸಿದ್ದರು. ಕೋಣೆಯ ಬಾಗಿಲು ಮುಚ್ಚಿದ ಮೇಲೆ ಹುಡುಕಿಕೊಂಡ ಮಾತುಗಳಲ್ಲ ಇವು; ಒಳಗೆ ಹೋಗುವಾಗಲೇ ಅವರ ಜೊತೆಗಿದ್ದವು. ಆದರೂ ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ, ಮೊದಲು ಅಷ್ಟಾಗಿ ಹಿಡಿಸದಿದ್ದ ಗೆರ್‌ಹಾರ್ಟ್‌ನ ಗೋದಲಿ ಗೀತೆಯೊಂದು ಈಗಷ್ಟೇ ಒಳಗಿಳಿಯಿತೆಂದೂ, ಅದಕ್ಕೆ ಬಹುಕಾಲ ಒಂಟಿಯಾಗಿರಬೇಕೆಂದೂ ಬರೆಯುತ್ತಾರೆ.

ಇಲ್ಲಿ ನನ್ನ ವಾದವನ್ನು ತಡೆದು ನಿಲ್ಲಿಸುವ ಬೊನ್‌ಹೋಫರರದೇ ಮಾತೊಂದಿದೆ. ಬಂಧನಕ್ಕೆ ಕೆಲವೇ ತಿಂಗಳ ಹಿಂದೆ, 1942ರ ಕೊನೆಯಲ್ಲಿ, ಗೆಳೆಯರಿಗಾಗಿ ಬರೆದ ಪ್ರಬಂಧದಲ್ಲಿ ಅವರು ಹೇಳುವುದು ಇದು: ಕಷ್ಟದಲ್ಲಿ ಬೇಕಾದಷ್ಟು ಬಲವನ್ನು ದೇವರು ಕೊಡುತ್ತಾನೆ, ಆದರೆ ಮುಂಗಡವಾಗಿ ಕೊಡುವುದಿಲ್ಲ, ಕೊಟ್ಟರೆ ನಾವು ನಮ್ಮನ್ನೇ ನೆಚ್ಚಿಕೊಂಡೇವು. ಬಾಯಿಪಾಠ ಮಾಡಿದ ಹಾಡು ತಾನಾಗಿ ಭರವಸೆಯಾಗುವುದಿಲ್ಲ ಎಂಬುದನ್ನು ಇದು ನೆನಪಿಸುತ್ತದೆ. ಮಾತನ್ನು ಮೊದಲೇ ಕೂಡಿಡಬಹುದು, ಬಲವನ್ನು ಕೂಡಿಡಲಾಗದು. ಸಂಗ್ರಹದಲ್ಲಿ ಅಚ್ಚಾದ ಗೆರ್‌ಹಾರ್ಟ್‌ನ ಹಾಡಿಗೂ, ಮಕ್ಕಳನ್ನು ಮಣ್ಣುಮಾಡಿ ಬಂದ ಗೆರ್‌ಹಾರ್ಟ್ ಅದೇ ಹಾಡನ್ನು ಸಭೆಯೊಡನೆ ಹಾಡಿರಬಹುದಾದ ಹೊತ್ತಿಗೂ ಇರುವ ದೂರವನ್ನು ಯಾವ ದಾಖಲೆಯೂ ಅಳೆದು ಹೇಳಲಾರದು.

1944ರ ಡಿಸೆಂಬರಿನಲ್ಲಿ, ನಾಜಿ ಗುಪ್ತ ಪೊಲೀಸರಾದ ಗೆಸ್ಟಾಪೊದ ನೆಲಮಾಳಿಗೆ ಸೆರೆಯಿಂದ, ಬೊನ್‌ಹೋಫರ್ ತಾವು ಮದುವೆಯಾಗಬೇಕಿದ್ದ ಹುಡುಗಿಗೆ ಬರೆದ ಪತ್ರದೊಡನೆ ಒಂದು ಕವಿತೆ ಕಳಿಸಿದರು. 1945ರ ಏಪ್ರಿಲ್ 9ರಂದು ನಾಜಿ ಸೆರೆಶಿಬಿರವಿದ್ದ ಫ್ಲೋಸನ್‌ಬ್ಯುರ್ಗ್‌ನಲ್ಲಿ ಅವರನ್ನು ಗಲ್ಲಿಗೇರಿಸಿದರು. ಇಂದು ಆ ಕವಿತೆ ಜರ್ಮನ್ ಪ್ರೊಟೆಸ್ಟೆಂಟ್ ಸಭೆಗಳ ಗೀತಪುಸ್ತಕದಲ್ಲಿ, ಗೆರ್‌ಹಾರ್ಟ್‌ನ ಹಾಡುಗಳಿರುವ ಪುಸ್ತಕದಲ್ಲೇ, ಸೇರಿದೆ. ಎರಡನ್ನೂ ಮಕ್ಕಳು ಕಲಿಯುತ್ತಾರೆ.