ಪದ ಪರಿಚಯ: ಜಾಲರಿ

ನಮಗೆ ಜಾಲಿ ಎಂದರೆ ಮುಳ್ಳಿನ ಮರ. ಕಾಶಿಯಲ್ಲಿ ಅದು ಬೇರೆಯೇ ಪದ. ಮೆದುಗಲ್ಲನ್ನು ಕೊರೆದು ಆನೆಯ ಹೊಟ್ಟೆಯೊಳಗೆ ಇನ್ನೊಂದು ಆನೆ ಕಾಣಿಸುವ ಅಲ್ಲಿನ ಕೆತ್ತನೆಗೆ ಭೌಗೋಳಿಕ ಗುರುತು ಸಿಕ್ಕಿರುವುದು ‘ಜಾಲಿ’ ಎಂಬ ಹೆಸರಿನಲ್ಲೇ. ಚರಂಡಿಗೆ ಮುಚ್ಚುವ ಕಬ್ಬಿಣದ ಸರಳುಗಳ ಚೌಕಟ್ಟೂ ಹಿಂದಿಯಲ್ಲಿ ಜಾಲಿಯೇ.

ಮೂಲ ಸಂಸ್ಕೃತದ ‘ಜಾಲ’, ಅಂದರೆ ಬಲೆ. ಕನ್ನಡದ ಜಾಲರಿ ಇದೇ ಬಳಗದ್ದು. ಬೇಲೂರಿನ ದೇಗುಲಕ್ಕೆ ಹದವಾಗಿ ಬೆಳಕು ಬಿಡುವ ಕಲ್ಲಿನ ಜಾಲಂಧ್ರವೂ ಅಷ್ಟೆ. ಬಲೆ ಹಿಡಿಯುತ್ತದೆ; ಜಾಲರಿ ಬಿಟ್ಟುಕೊಡುತ್ತದೆ. ಕಾರ್ಖಾನೆಯ ನೆಲಕ್ಕೆ ಹಾಸುವ ಕಬ್ಬಿಣದ ಜಾಲರಿಗೆ ಬೇಕಾದದ್ದು ಈ ಎರಡನೆಯ ಗುಣ: ನೀರು, ಎಣ್ಣೆ, ಧೂಳು ಕೆಳಗಿಳಿಯಬೇಕು, ಕಾಲು ಮಾತ್ರ ಮೇಲೆ ನಿಲ್ಲಬೇಕು.

1964ರಲ್ಲಿ ತನ್ನ ಕಾರ್ಖಾನೆಯ ಮೊದಲ ಡೀಸೆಲ್ ರೈಲು ಎಂಜಿನ್ ಹೊರತಂದ ಊರು ಕಾಶಿ. ಅಂಥ ಯಂತ್ರದೂರುಗಳಲ್ಲಿ ಈ ನೆಲಹಾಸಿಗೆ ‘ಗ್ರೇಟಿಂಗ್’ ಎನ್ನುತ್ತಾರೆ. ನಿಲ್ಲಿಸಿಟ್ಟ ಚಪ್ಪಟೆ ಪಟ್ಟಿಗಳು ಭಾರ ಹೊರುತ್ತವೆ. ಅಡ್ಡಲಾಗಿ ಬೆಸೆದ ತಿರುಚಿದ ಸರಳುಗಳು ಅವನ್ನು ವಾಲದಂತೆ ಹಿಡಿದಿಡುತ್ತವೆ. ಆಮೇಲೆ ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನಲ್ಲಿ ಅದ್ದಿದರೆ ಬೇಗ ತುಕ್ಕು ಹಿಡಿಯದು.

‘ಜಾಲರಿ’ ಎಂಬ ಪದ ನಮ್ಮಲ್ಲಿರುವಾಗ ಗ್ರೇಟಿಂಗ್ ಏಕೆ? ‘ನೆಲಜಾಲರಿ’ ಎಂದರೆ ಸಾಕು, ಯಾರಿಗೂ ಅರ್ಥವಾಗುತ್ತದೆ. ಆದರೆ ಹೆಸರಿಗಿಂತ ಮುಖ್ಯವಾದದ್ದು ಪಟ್ಟಿಯ ದಿಕ್ಕು. ಪಟ್ಟಿಯ ಎರಡು ತುದಿಗಳೂ ತೊಲೆಯ ಮೇಲೆ ಕೂರದಿದ್ದರೆ ಜಾಲರಿ ಕಾಲಡಿಯಲ್ಲೇ ಕುಸಿಯುತ್ತದೆ. ಮಾಡಿಸುವಾಗ ಉದ್ದ, ಅಗಲದ ಜೊತೆಗೆ ಪಟ್ಟಿ ಯಾವ ಕಡೆಗೆ ಓಡಬೇಕೆಂಬುದನ್ನೂ ತಪ್ಪದೆ ಬರೆದುಕೊಡಿ.