ಚಿನ್ನದ ಶುದ್ಧೀಕರಣದಲ್ಲಿ ಸೌಮ್ಯ ಆಮ್ಲಗಳು

ಅದಿರಿನಿಂದ ಬೇರ್ಪಡಿಸಿದ ಚಿನ್ನ, ಪ್ಲಾಟಿನಂಗಳ ಜೊತೆಯಲ್ಲೇ ಬರುವ ಸತು, ಕಬ್ಬಿಣ, ತಾಮ್ರ ಮುಂತಾದ ಕೀಳು ಲೋಹಗಳನ್ನು ಕರಗಿಸಿ ತೆಗೆಯಲು ಬಳಸುವ ಮಂದ ಆಮ್ಲಗಳಿಗೆ ಲೋಹವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಸಸ್ಯಗಳ ಹುಳಿರಸದಂಥ ದುರ್ಬಲ ಆಮ್ಲಗಳೂ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲವೂ ಈ ಗುಂಪಿಗೆ ಸೇರುತ್ತವೆ. ಆಮ್ಲದ ಬಲ ಹೆಚ್ಚಿದಷ್ಟೂ ಲೋಹ ಶುದ್ಧವಾಗುತ್ತದೆ ಎಂಬ ಭಾವನೆ ಸಾಮಾನ್ಯ; ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ. ಬೇಕಾದುದನ್ನು ಮುಟ್ಟದೆ ಬೇಡವಾದುದನ್ನು ಮಾತ್ರ ಕರಗಿಸುವ ಆಯ್ಕೆಯ ಗುಣವೇ ಶುದ್ಧೀಕರಣದ ಜೀವಾಳ. ಚಿನ್ನವನ್ನೂ ಕರಗಿಸಬಲ್ಲ ಅಕ್ವಾ ರೀಜಿಯಾದಲ್ಲಿ ಆ ಗುಣ ಕಡಿಮೆ.

ಮಧ್ಯಯುಗದ ಯೂರೋಪಿನಲ್ಲಿ ಬಳಕೆಗೆ ಬಂದ ನೈಟ್ರಿಕ್ ಆಮ್ಲ ಬೆಳ್ಳಿಯನ್ನೂ ತಾಮ್ರವನ್ನೂ ಕರಗಿಸಿ ಚಿನ್ನವನ್ನು ಉಳಿಸುತ್ತಿತ್ತು. 1556ರಲ್ಲಿ ಪ್ರಕಟವಾದ, ಗಣಿ ಮತ್ತು ಲೋಹವಿದ್ಯೆಗಳನ್ನು ಕುರಿತ ಅಗ್ರಿಕೋಲನ ಗ್ರಂಥ ಈ ಕೆಲಸವನ್ನು ವಿವರವಾಗಿ ವರ್ಣಿಸುತ್ತದೆ. 1746ರಲ್ಲಿ ಜಾನ್ ರೋಬಕ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಸೀಸದ ಕೋಣೆಗಳಲ್ಲಿ ಗಂಧಕಾಮ್ಲ ತಯಾರಿಸಲು ತೊಡಗಿದ ಮೇಲೆ ಅದು ಅಗ್ಗವಾಯಿತು. ಆದರೆ ಹದವರಿತ ಬಳಕೆಯ ಬೆಲೆಯನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಪ್ರಮುಖ. ಪ್ಲಾಟಿನಂ ಅದಿರಿನೊಂದಿಗೆ ಇರಿಡಿಯಂ ಕಣಗಳು ಬೆರೆತಿರುತ್ತವೆ. ಅವು ಕರಗದಂತೆ ತಡೆಯಲು ಅಕ್ವಾ ರೀಜಿಯಾಕ್ಕೆ ನೀರು ಬೆರೆಸಬೇಕೆಂದು 1829ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆತ ಎಚ್ಚರಿಸಿದ್ದಾನೆ. ಆಮ್ಲದ ಬಲ ತಗ್ಗಿಸಿದ್ದರಿಂದಲೇ ಶುದ್ಧತೆ ಹೆಚ್ಚಿತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಈ ತತ್ತ್ವ ಕಾರ್ಖಾನೆಯ ಪ್ರಮಾಣದಲ್ಲಿ ಫಲ ಕೊಟ್ಟದ್ದು ಸೈನೈಡ್ ವಿಧಾನದ ಜೊತೆ. ಗ್ಲಾಸ್ಗೋ ನಗರದ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರ ಹೊತ್ತಿಗೆ ಅದನ್ನು ರೂಪಿಸಿದರು. 1890ರಲ್ಲಿ ದಕ್ಷಿಣ ಆಫ್ರಿಕದ ವಿಟ್‌ವಾಟರ್ಸ್‌ರ‍್ಯಾಂಡ್‌ನಲ್ಲಿ ಅದು ಬಳಕೆಗೆ ಬಂತು. ಕೋಲಾರದ ಗಣಿಗಳೂ ಇದೇ ವಿಧಾನವನ್ನು ಅನುಸರಿಸಿದವು. ಅಲ್ಲಿ ಇಂದಿಗೂ ಕಾಣುವ ಸೈನೈಡ್ ದಿಬ್ಬಗಳು ಅದರ ಉಳಿಕೆ. ಸೈನೈಡ್ ದ್ರಾವಣದಲ್ಲಿ ಕರಗಿದ ಚಿನ್ನವನ್ನು ಸತುವಿನ ಸುರುಳಿಗಳ ಮೇಲೆ ಹರಿಸಿದಾಗ ಸತು ಕರಗಿ ಚಿನ್ನ ಕಪ್ಪು ಕೆಸರಾಗಿ ತಂಗುತ್ತದೆ. ಆ ಕೆಸರಿನಲ್ಲಿ ಸತು ಧಾರಾಳವಾಗಿ ಉಳಿದಿರುತ್ತದೆ. ಅದನ್ನು ಹಾಗೆಯೇ ಮೂಸೆಯಲ್ಲಿ ಕರಗಿಸಿದರೆ ಸತು ಆವಿಯಾಗಿ ಹೊಗೆಯೇಳುತ್ತದೆ, ಗಟ್ಟಿಯ ಗುಣ ಕೆಡುತ್ತದೆ. ತೆಳು ಗಂಧಕಾಮ್ಲದಲ್ಲಿ ಮೊದಲೇ ತೊಳೆದರೆ ಸತು ಸಲ್ಫೇಟಾಗಿ ನೀರಿನೊಡನೆ ಹೊರಹೋಗುತ್ತದೆ, ಚಿನ್ನ ಉಳಿಯುತ್ತದೆ. ಸತು, ಕಬ್ಬಿಣಗಳು ಜಲಜನಕವನ್ನು ಹೊರದೂಡಿ ಆಮ್ಲದಲ್ಲಿ ಕರಗಬಲ್ಲವು. ತಾಮ್ರ, ಬೆಳ್ಳಿ, ಚಿನ್ನಗಳಿಗೆ ಆ ಶಕ್ತಿಯಿಲ್ಲ.

ಹಾಗಾದರೆ ತಾಮ್ರ ಹೆಚ್ಚಿರುವಲ್ಲಿ ಮಂದ ಆಮ್ಲ ಸೋಲುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಉತ್ತರ ಪ್ರಾಚೀನ ಅಮೆರಿಕದ ಕುಶಲಕರ್ಮಿಗಳಲ್ಲಿದೆ. ಚಿನ್ನ ಮತ್ತು ತಾಮ್ರದ ಮಿಶ್ರಲೋಹವನ್ನು ಕಾಯಿಸಿ, ಮೇಲ್ಮೈಯ ತಾಮ್ರ ಆಕ್ಸೈಡ್ ಆದೊಡನೆ ಅದನ್ನು ಗಿಡಗಳ ಹುಳಿರಸದಿಂದ ಕಳೆಯುತ್ತಿದ್ದರು. ಹುಣಸೆಹಣ್ಣು ತಾಮ್ರದ ಪಾತ್ರೆಯ ಕಿಲುಬನ್ನು ತೆಗೆಯುವುದೂ ಹೀಗೆಯೇ. ಲೋಹವನ್ನು ಮುಟ್ಟದ ಆಮ್ಲ ಅದರ ಆಕ್ಸೈಡನ್ನು ಕರಗಿಸುತ್ತದೆ. ಆದ್ದರಿಂದ ಮೊದಲು ಹುರಿದು ಅನಂತರ ತೊಳೆಯುವುದು ಲಾಭಕರ. ಆದರೂ ಗಟ್ಟಿ ಲೋಹದಲ್ಲಿ ಈ ಉಪಾಯ ಹೊರಪದರಕ್ಕಷ್ಟೇ ಸಲ್ಲುತ್ತದೆ. ಪುಡಿಯಲ್ಲಿ ಮಾತ್ರ ಒಳಗಿನವರೆಗೆ ಫಲಿಸುತ್ತದೆ. ಸೌಮ್ಯವೆಂದ ಮಾತ್ರಕ್ಕೆ ಅಪಾಯರಹಿತವೆಂದೂ ತಿಳಿಯಬಾರದು. ಹೊರಬರುವ ಜಲಜನಕ ಸ್ಫೋಟಕ. ಕೆಸರಿನಲ್ಲಿ ಆರ್ಸೆನಿಕ್ ಇದ್ದರೆ ಆರ್ಸೀನ್, ಸೈನೈಡ್ ಉಳಿದಿದ್ದರೆ ಹೈಡ್ರೋಜನ್ ಸೈನೈಡ್ ಹುಟ್ಟಬಹುದು. ಎರಡೂ ಪ್ರಾಣಹಾರಕ ಅನಿಲಗಳು.

ಕೊನೆಯ ಹಂತದ ಉನ್ನತ ಶುದ್ಧತೆಯನ್ನು ಕ್ಲೋರಿನ್ ಬಳಸುವ 1867ರ ಮಿಲ್ಲರ್ ವಿಧಾನ, 1874ರ ವೊಲ್‌ವಿಲ್ ವಿದ್ಯುದ್ವಿಶ್ಲೇಷಣೆಗಳು ತಂದವು, ಸೌಮ್ಯ ಆಮ್ಲವಲ್ಲ ಎಂಬುದೂ ನಿಜ. ಆದರೆ ಕೀಳು ಲೋಹ ಮೊದಲೇ ತೊಲಗಿದಷ್ಟೂ ಆ ವಿಧಾನಗಳ ಹೊರೆ ಇಳಿಯುತ್ತದೆ. ಆದ್ದರಿಂದ ಸೌಮ್ಯ ಆಮ್ಲವನ್ನು ಪ್ರಬಲ ವಿಧಾನಗಳ ಬದಲಿಯೆಂದು ಅಳೆಯದೆ, ಅವುಗಳಿಗೆ ದಾರಿ ಸುಗಮಗೊಳಿಸುವ ಮೊದಲ ಹಂತವೆಂದು ಗಣಿಸುವುದೇ ಸರಿ.